ಮುದ್ದೇನಹಳ್ಳಿಯ ಮನೆ, ತೆಂಗಿನ ಸೀಮೆಯ ಬಾಕಿ

ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಲು ಬಳಸುತ್ತಿದ್ದ ಒಂದು ಪುಟ್ಟ ಬ್ಲಾಕು. ಒಂದು ಕನ್ನಡಕ. ದಿನವೂ ಕೈಗೆ ಬರುತ್ತಿದ್ದ ಬಟ್ಟಲುಗಳು. ಓದಿದ ಪುಸ್ತಕಗಳು. ಚಿಕ್ಕಬಳ್ಳಾಪುರಕ್ಕೆ ಹತ್ತಿರದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಭಾರತರತ್ನದ ಗೌರವವೂ ಬಿರುದು ಬಾವಲಿಗಳೂ ಅಲ್ಲಿವೆ, ಕನ್ನಂಬಾಡಿ ಕಟ್ಟೆಯ ಮಾದರಿಯೂ ಇದೆ. ಆದರೂ ಮನಸ್ಸು ತಡೆದು ನಿಲ್ಲುವುದು ಈ ಸಣ್ಣ ವಸ್ತುಗಳ ಮುಂದೆ.

ಆ ಬ್ಲಾಕನ್ನೇ ತೆಗೆದುಕೊಳ್ಳಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕಾರ್ಡು ಬೇಕಾದವರು ಒಮ್ಮೆ ಬ್ಲಾಕು ಮಾಡಿಸಿಟ್ಟುಕೊಂಡರೆ ಸಾಕಿತ್ತು. ಮುಗಿದಾಗಲೆಲ್ಲ ಅದನ್ನೇ ಪ್ರೆಸ್ಸಿಗೆ ಕೊಟ್ಟು ಇನ್ನಷ್ಟು ಹಾಕಿಸಬಹುದು. 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ ಬಂದಿದ್ದ, ಬೊಂಬಾಯಿ, ಏಡನ್, ಹೈದರಾಬಾದು, ಮೈಸೂರು ಎಂದು ಕೆಲಸದ ಮೇಲೆ ತಿರುಗಿದ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ತನ್ನ ಹೆಸರು ಹೇಳಿಕೊಂಡು ಹೋಗಬೇಕಾಗಿದ್ದ ಮನುಷ್ಯನ ಇಡೀ ಬದುಕು ಆ ಲೋಹದ ತುಂಡಿನಲ್ಲಿದೆ. ಊರೂರಿನ ವೃತ್ತಗಳಲ್ಲಿ ಮೈಸೂರು ಪೇಟ ಧರಿಸಿ ನಿಂತಿರುವ ಪ್ರತಿಮೆಗಳಿಂದ ಇದು ತಿಳಿಯುವುದಿಲ್ಲ. ಪ್ರತಿಮೆ ಆಳನ್ನು ಎತ್ತರದಲ್ಲಿ ನಿಲ್ಲಿಸುತ್ತದೆ. ಮನೆ ಅವನನ್ನು ನಮ್ಮ ಮಟ್ಟದಲ್ಲಿ ಕೂರಿಸಿ ಪರಿಚಯ ಮಾಡಿಸುತ್ತದೆ.

ನಂದಿಬೆಟ್ಟದ ಬುಡದ ಈ ಊರಿಗೆ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಕಿಬ್ಬನಹಳ್ಳಿಯ ಕಡೆಯಿಂದ ಹೋಗುವವರು ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ಹೋಗಬೇಕು. ತೆಂಗಿನ ತೋಟದ ಹಸಿರು ಹಿಂದೆ ಸರಿದು ರಾಗಿ ಹೊಲ, ಬಂಡೆಗುಡ್ಡ, ದ್ರಾಕ್ಷಿ ಚಪ್ಪರ ಎದುರಾಗುತ್ತವೆ. ವಿಶ್ವೇಶ್ವರಯ್ಯನವರ ಹೆಸರಿನ ಮುಂದಿನ ‘ಎಂ.’ ಸೂಚಿಸುವ ಮೋಕ್ಷಗುಂಡಂ ಎಂಬ ಊರು ಇರುವುದು ಇಂದಿನ ಆಂಧ್ರಪ್ರದೇಶದಲ್ಲಿ. ಅಲ್ಲಿಂದ ಬಂದು ನೆಲೆಸಿದ ವೈದಿಕ ಮನೆತನ ಇವರದು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹುಟ್ಟಿದ್ದು 1861ರ ಸೆಪ್ಟೆಂಬರ್ 15. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗು, ಬೊಂಬಾಯಿ ಸರ್ಕಾರದ ನೌಕರಿ, ಖಡಕವಾಸಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, 1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿನ ಕೆಲಸ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್. 1912ರಿಂದ 1918ರವರೆಗೆ ದಿವಾನರು.

ಆ ಆರು ವರ್ಷಗಳಲ್ಲಿ ಹುಟ್ಟಿದ ಸಂಸ್ಥೆಗಳ ಹೆಸರು ಹೇಳುತ್ತ ಹೋದರೆ ಇಂದಿನ ಕರ್ನಾಟಕದ ಅಡಿಪಾಯವನ್ನೇ ಹೇಳಿದಂತಾಗುತ್ತದೆ. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಅದೇ ಹೊತ್ತಿಗೆ ಗಂಧದೆಣ್ಣೆ ಮತ್ತು ಸಾಬೂನಿನ ಉದ್ಯಮ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಅದರ ಬೆನ್ನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲವಿಲ್ಲದೆ ಇವು ಯಾವುವೂ ಆಗುತ್ತಿರಲಿಲ್ಲ. ಅದನ್ನು ಒತ್ತಿ ಹೇಳಲೇಬೇಕು. ರಾಷ್ಟ್ರ ನಿರ್ಮಾತೃ ಎಂಬ ಮಾತನ್ನು ಇವತ್ತು ಯಾರಿಗೆ ಬೇಕಾದರೂ ಅಂಟಿಸಿಬಿಡುತ್ತಾರೆ. 1920ರಲ್ಲೇ ಭಾರತದ ಪುನರ್‌ನಿರ್ಮಾಣದ ಬಗ್ಗೆ, 1934ರಲ್ಲಿ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದಿಟ್ಟ ಈ ಮನುಷ್ಯನ ವಿಷಯದಲ್ಲಿ ಅದು ಉತ್ಪ್ರೇಕ್ಷೆಯಲ್ಲ. 1962ರ ಏಪ್ರಿಲ್ 14ರಂದು ಅವರು ತೀರಿಕೊಂಡರು. ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲೇ, ಹುಟ್ಟಿದ ಮನೆಗೆ ಸಮೀಪದಲ್ಲಿ.

ಊರಿನವರು ಈ ಮನೆಯನ್ನು ಗುಡಿಯಂತೆ ಕಾಣುತ್ತಾರೆ ಎಂಬ ಮಾತಿದೆ. ಅದು ನಿಜವೂ ಹೌದು, ಗೌರವಕ್ಕೆ ತಕ್ಕದ್ದೂ ಹೌದು. ಸ್ಮಾರಕ ನೋಡಿಕೊಳ್ಳಲು ವಿಶ್ವೇಶ್ವರಯ್ಯ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಇದ್ದರೂ ಊರಿನ ಪ್ರೀತಿ ಇಲ್ಲದಿದ್ದರೆ ಯಾವ ಟ್ರಸ್ಟಿನಿಂದಲೂ ಹಳ್ಳಿಯ ಮನೆಯೊಂದು ಅರವತ್ತು ವರ್ಷ ಬಾಳಲಾರದು. ಆದರೆ ಗುಡಿಗೂ ಸಂಗ್ರಹಾಲಯಕ್ಕೂ ಒಂದು ವ್ಯತ್ಯಾಸ ಇರಲೇಬೇಕು. ಗುಡಿಯಲ್ಲಿ ಕೈಮುಗಿದು ಪ್ರಸಾದ ತೆಗೆದುಕೊಂಡು ಬರುತ್ತೇವೆ. ಸಂಗ್ರಹಾಲಯದಲ್ಲಿ ಪ್ರಶ್ನೆ ಕೇಳಬೇಕು, ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಬೇಕು.

ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಶ್ವೇಶ್ವರಯ್ಯ ಎಂದರೆ ಎರಡು ಕಥೆ. ಸರ್ಕಾರದ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು. ಮತ್ತೊಂದು, ಓಡುವ ರೈಲಿನ ಸದ್ದು ಕೇಳಿಯೇ ಹಳಿ ಕೆಟ್ಟಿದೆ ಎಂದು ಗುರುತಿಸಿ ಸರಪಳಿ ಎಳೆದದ್ದು. ಇವು ಬಾಯಿಂದ ಬಾಯಿಗೆ ಬೆಳೆದುಬಂದ ಕಥೆಗಳು. ಜನ ಒಬ್ಬ ಅಧಿಕಾರಿಯಿಂದ ಏನನ್ನು ಬಯಸುತ್ತಾರೆ ಎಂಬುದು ಅವುಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಮನೆಯೊಳಗಿನ ವಸ್ತುಗಳು ಹೇಳುವುದು ಬೇರೆ ಬಗೆಯ ಸತ್ಯ. ಕನ್ನಡಕದ ಗಾಜಿಗೆ ದಂತಕಥೆಯ ಹಂಗಿಲ್ಲ. ಅಣೆಕಟ್ಟೆಯ ಮಾದರಿಯ ಮುಂದೆ ನಿಂತ ಹೈಸ್ಕೂಲು ಹುಡುಗಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹರಿಯುತ್ತದೆ ಎಂದು ಬೆರಳಿಟ್ಟು ನೋಡಬಹುದು. ಪಾಠದ ಪುಟದಲ್ಲಿ ಅದಕ್ಕೆ ಎಡೆಯಿಲ್ಲ.

ಕೇಳಲೇಬೇಕಾದ ಕಠಿಣ ಪ್ರಶ್ನೆಗಳೂ ಇವೆ. ಕನ್ನಂಬಾಡಿ ಕಟ್ಟೆಯನ್ನು, ಅಂದರೆ ಕೃಷ್ಣರಾಜಸಾಗರವನ್ನು, ಕಟ್ಟಲು ಶುರುವಾದದ್ದು 1911ರಲ್ಲಿ, ಮುಗಿದದ್ದು 1932ರಲ್ಲಿ. ಈ ನಡುವೆ ಹಳೆಯ ಕನ್ನಂಬಾಡಿ ಊರೇ ನೀರಿನಲ್ಲಿ ಮುಳುಗಿತು; ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಮುಳುಗಿದ ಮನೆಗಳವರ ಮಾತು ಎಲ್ಲಿದೆ? ಹಾಗೆಯೇ 1918ರಲ್ಲಿ ಹಿಂದುಳಿದ ಜಾತಿಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ರಾಜೀನಾಮೆಗೆ ಈ ಭಿನ್ನಾಭಿಪ್ರಾಯವೇ ಮುಖ್ಯ ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ. ದೇಶದಲ್ಲಿ ಮೀಸಲಾತಿಯ ಚರಿತ್ರೆ ಬರೆಯುವವರು ಮಿಲ್ಲರ್ ವರದಿಯನ್ನು ಬಿಟ್ಟು ಬರೆಯಲಾರರು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ದೊಡ್ಡ ವಿಷಯದಲ್ಲಿ ಬೇರೆ ಅಭಿಪ್ರಾಯವಿತ್ತು ಎಂದು ಹುಟ್ಟೂರಿನ ಮನೆಯಲ್ಲೇ ಓದಲು ಸಿಕ್ಕಿದರೆ ಅವರ ಘನತೆ ಕುಂದುವುದಿಲ್ಲ. ನಿರ್ಮಾತೃವಿನ ಮನೆ ನಮ್ಮೆಲ್ಲರ ಮನೆಯಾಗುವುದೇ ಆಗ.

ಮನೆಯನ್ನು ಸಂಗ್ರಹಾಲಯ ಮಾಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಕರ್ನಾಟಕದಲ್ಲೇ ಹಲವು ಪಾಠಗಳಿವೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿ ಬಾಳಿದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿಯೇ ಬಿಟ್ಟಿದ್ದರು. ಪತ್ರಿಕೆಗಳಲ್ಲಿ ಸುದ್ದಿ ಬಂದು, ಜನ ದನಿ ಎತ್ತಿ, ಕೆಲಸ ನಿಂತಿತು. ನಗರಪಾಲಿಕೆ ಅದನ್ನು ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ಬಾಗಿಲು ತೆರೆಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆಯಲ್ಲಿ ಆರ್‌ಟಿಒ ಕಚೇರಿ ನಡೆಯುತ್ತಿತ್ತು. ಲೈಸೆನ್ಸಿಗಾಗಿ ಸಾಲು ನಿಂತವರಲ್ಲಿ ಎಷ್ಟು ಜನಕ್ಕೆ ಅದು ಸೇನಾ ಮುಖ್ಯಸ್ಥರೊಬ್ಬರ ಮನೆ ಎಂದು ಗೊತ್ತಿತ್ತೋ! 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಸಂಗ್ರಹಾಲಯವಾಗಿ ಉದ್ಘಾಟಿಸಿದರು. ಕುಪ್ಪಳಿಯ ಕವಿಮನೆ ರಾಜ್ಯದಲ್ಲೇ ಚೆನ್ನಾಗಿ ನಡೆಯುವ ಮನೆ-ಸಂಗ್ರಹಾಲಯ. ಮಲೆನಾಡಿನ ದೊಡ್ಡ ಮನೆಯ ಅಡುಗೆಮನೆ, ಬಾಣಂತಿ ಕೋಣೆ, ಕೃಷಿ ಸಾಮಾನು ಎಲ್ಲ ಅಲ್ಲಿವೆ. ಅಂಥ ಕಡೆಯೂ 2015ರಲ್ಲಿ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಹೊತ್ತೊಯ್ದರು. ಇಂಥ ಮನೆಗಳಿಗೆ ಬೀಗ, ಕಾವಲು, ವಸ್ತುಗಳ ಕಟ್ಟುನಿಟ್ಟಾದ ದಾಖಲೆ ಎಷ್ಟು ಮುಖ್ಯ ಎಂದು ನಾಡಿಗೆ ತಿಳಿದದ್ದು ಅಂದು.

ಚಿತ್ರದುರ್ಗದ ಕಥೆ ಇನ್ನೂ ನೋವಿನದು. ಏಕೀಕೃತ ಕರ್ನಾಟಕದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಸಮಾಧಿಗೆ ಸೀಬಾರದಲ್ಲಿ ಹೆದ್ದಾರಿಯ ಪಕ್ಕ ಸ್ಮಾರಕವಿದೆ. ಅವರು ಬಾಳಿದ ಮನೆಯನ್ನು ಸ್ಮಾರಕ ಮಾಡುವ ಮಾತು ಮಾತ್ರ ವರ್ಷಗಟ್ಟಲೆ ಎಳೆಯುತ್ತ ಹೋಗಿ, 2024ರ ಕೊನೆಗೆ ಮನೆ ಮಾರಾಟಕ್ಕಿದೆ ಎಂಬ ಸುದ್ದಿಯನ್ನು ಓದುವ ಹಾಗಾಯಿತು. ಇಂದು ನಾವು ಕರ್ನಾಟಕ ಎಂದು ಕರೆಯುವ ರಾಜ್ಯದ ಅಡಿಗಲ್ಲಿನಂಥ ಮನುಷ್ಯ ಅವರು.

ಹೊರಗಿನ ಎರಡು ಮನೆಗಳನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಳಿದ ಮೌಂಟ್ ವರ್ನನ್ ಪಾಳು ಬೀಳುತ್ತಿದ್ದಾಗ ಅದನ್ನು ಉಳಿಸಿದ್ದು ಸರ್ಕಾರವಲ್ಲ. ಆನ್ ಪಮೇಲಾ ಕನ್ನಿಂಗ್‌ಹ್ಯಾಮ್ ಎಂಬ ಮಹಿಳೆ 1853ರಲ್ಲಿ ಹೆಂಗಸರ ಸಂಘವೊಂದನ್ನು ಕಟ್ಟಿ, ಊರೂರಿನಿಂದ ಚಂದಾ ಎತ್ತಿ, ಎರಡು ಲಕ್ಷ ಡಾಲರಿಗೆ ಮನೆಯನ್ನು ಕೊಂಡರು. ಅದೇ ಸಂಘ ಇವತ್ತಿಗೂ ಅದರ ಒಡೆತನ ಹೊಂದಿದೆ. ಆ ಮನೆಯ ಸುತ್ತ ವಾಷಿಂಗ್ಟನ್ ಗುಲಾಮರಾಗಿ ಇಟ್ಟುಕೊಂಡಿದ್ದ ಜನರ ಬದುಕನ್ನೂ ಈಗ ಅಲ್ಲಿ ತೋರಿಸುತ್ತಾರೆ. ಇನ್ನೊಂದು ಢಾಕಾದ ಧಾನ್‌ಮಂಡಿ 32ನೇ ರಸ್ತೆಯ ಮನೆ. ಬಾಂಗ್ಲಾದೇಶವನ್ನು ಕಟ್ಟಿದ ಶೇಖ್ ಮುಜಿಬುರ್ ರಹಮಾನ್ ಅವರನ್ನು 1975ರ ಆಗಸ್ಟ್ 15ರಂದು ಅಲ್ಲೇ, ಮನೆಮಂದಿಯ ಜೊತೆಗೆ ಕೊಂದರು. 1994ರಲ್ಲಿ ಅದು ಸಂಗ್ರಹಾಲಯವಾಯಿತು. 2024ರ ಆಗಸ್ಟ್ 5ರಂದು, ಮಗಳು ಶೇಖ್ ಹಸೀನಾ ಅಧಿಕಾರ ಕಳೆದುಕೊಂಡ ದಿನ, ಜನ ಅದಕ್ಕೆ ಬೆಂಕಿ ಇಟ್ಟರು. 2025ರ ಫೆಬ್ರುವರಿಯಲ್ಲಿ ಯಂತ್ರ ತಂದು ಕೆಡವಿದರು. ಒಂದು ಮನೆ ಪಕ್ಷದ್ದೋ ಸರ್ಕಾರದ್ದೋ ಸ್ವತ್ತಾಗಿ ಕಾಣತೊಡಗಿದರೆ ಅಧಿಕಾರ ಬದಲಾದ ದಿನ ಅದಕ್ಕೆ ಕಾವಲಿರುವುದಿಲ್ಲ. ಊರಿನ ಸ್ವತ್ತಾದ ಮನೆಗೆ ಆ ಭಯ ಕಡಿಮೆ. ಮುದ್ದೇನಹಳ್ಳಿಯ ಜನರ ಪ್ರೀತಿಗೆ ಬೆಲೆ ಕಟ್ಟಬೇಕಾದದ್ದು ಈ ತಕ್ಕಡಿಯಲ್ಲಿಟ್ಟು.

ಈಗ ಕಿಬ್ಬನಹಳ್ಳಿಯ ಸುತ್ತಲಿನ ಮಾತಿಗೆ ಬರೋಣ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತರೆ ಪಶ್ಚಿಮಕ್ಕೆ ತಿಪಟೂರು, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ. ಈ ಸೀಮೆಗೂ ಮುದ್ದೇನಹಳ್ಳಿಯ ಆ ಮನೆಗೂ ನಂಟು ಸಣ್ಣದಲ್ಲ. ತಿಪಟೂರು, ತುರುವೇಕೆರೆಯ ತೋಟಗಳ ಕಡೆಗೆ ನಾಲೆಯಲ್ಲಿ ಬರುವ ಹೇಮಾವತಿ, ತಿರುಗಿಸದೆ ಬಿಟ್ಟರೆ ಹೋಗಿ ಕಾವೇರಿಯನ್ನು ಸೇರುವುದು ಕೃಷ್ಣರಾಜಸಾಗರದ ಹಿನ್ನೀರಿನಲ್ಲೇ. ನೀರಿನ ಈ ನಂಟಿಗಿಂತ ಗಟ್ಟಿಯಾದದ್ದು ಅಕ್ಷರದ ನಂಟು.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರ ಜನವರಿ 3ರಂದು ಹುಟ್ಟಿದವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ನಾಡು ಬಿ.ಎಂ.ಶ್ರೀ. ಎಂದು ಕರೆದ ಕನ್ನಡದ ಕಣ್ವ. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಅವರು ಮಾಡಿದ ಭಾಷಣ ಹೊಸ ಕನ್ನಡದ ಶಂಖನಾದ. ಇಂಗ್ಲಿಷ್ ಕಲಿಸುವ ಮೇಷ್ಟ್ರಾಗಿದ್ದುಕೊಂಡೇ ಅವರು ಕನ್ನಡಕ್ಕೆ ಹೊಸ ಛಂದಸ್ಸಿನ ದಾರಿ ತೆರೆದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರ ನವೆಂಬರ್ 26ರಂದು ಹುಟ್ಟಿದವರು ತೀ.ನಂ. ಶ್ರೀಕಂಠಯ್ಯ, ಬಿ.ಎಂ.ಶ್ರೀ. ಶಿಷ್ಯರು, ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ. ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಗುರು ಪಾಠ ಹೇಳಿದ್ದು, ಶಿಷ್ಯ ಓದಿ ಬೆಳೆದದ್ದು; ಅಲ್ಲೇ 1927ರಲ್ಲಿ ಕನ್ನಡ ಎಂ.ಎ. ಶುರುವಾದದ್ದು. ಸಂವಿಧಾನದ ಪರಿಭಾಷೆಯನ್ನು ಭಾರತೀಯ ಭಾಷೆಗಳಿಗೆ ತರುವ ಸಮಿತಿಯಲ್ಲಿ ತೀನಂಶ್ರೀ ಇದ್ದರು. ದೇಶದ ಮೊದಲ ಪ್ರಜೆಯನ್ನು ರಾಷ್ಟ್ರಪತಿ ಎಂದು ಕರೆಯೋಣ ಎಂಬ ಸಲಹೆ ಅವರದೇ ಎಂದು ಕನ್ನಡ ವಿದ್ವತ್ ವಲಯದಲ್ಲಿ ಅಭಿಮಾನದಿಂದ ಹೇಳುತ್ತಾರೆ. ಸಂವಿಧಾನವನ್ನು ಅಂಗೀಕರಿಸಿದ 1949ರ ನವೆಂಬರ್ 26ರಂದು ಅವರಿಗೆ ನಲವತ್ಮೂರು ತುಂಬಿತ್ತು.

ಅಂದರೆ ಕ್ರಾಸಿನಿಂದ ಹೊರಟ ಎರಡು ದಾರಿಗಳ ಎರಡು ಊರುಗಳಲ್ಲಿ, ನಾಡಿನ ನುಡಿಯನ್ನೂ ಗಣರಾಜ್ಯದ ನುಡಿಯನ್ನೂ ಕಟ್ಟಿದ ಇಬ್ಬರು ಹುಟ್ಟಿದ್ದಾರೆ. ಅಣೆಕಟ್ಟೆ ಕಟ್ಟಿದವರಂತೆ ಇವರೂ ನಿರ್ಮಾತೃಗಳೇ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಬೇಲೂರು, ಹಳೇಬೀಡು, ಮೈಸೂರಿಗೆ ಕರೆದುಕೊಂಡು ಹೋಗುವುದು ಒಳ್ಳೆಯದೇ. ಸಂಪಿಗೆಗೂ ತೀರ್ಥಪುರಕ್ಕೂ ಕರೆದುಕೊಂಡು ಹೋಗಲು ನೆಪ ಬೇಕು, ನೋಡಲು ವಸ್ತು ಬೇಕು. ಆ ನೆಪವನ್ನು ಒದಗಿಸಬೇಕಾದವರು ಈ ಸೀಮೆಯವರೇ.

ಈ ಸೀಮೆಯಲ್ಲಿ ಮನೆ-ಸಂಗ್ರಹಾಲಯ ಎಂದರೆ ದೊಡ್ಡವರ ಚಷ್ಮ, ಕೈಬರಹ ಇಟ್ಟ ಕೋಣೆಯಷ್ಟೇ ಆಗಬೇಕಿಲ್ಲ. ಇಲ್ಲಿನ ಹಳೆಯ ಮನೆ ತಾನೇ ಒಂದು ಯಂತ್ರ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಹಾಗೇ ಬಿಡುತ್ತಾರೆ. ಕೆಳಗೆ ಒಲೆಯ ಬಿಸಿ, ಹೊಗೆ. ಮೇಲೆ ತೀರುಗಳ ಸಂದಿಯಲ್ಲಿ ಆಡುವ ಗಾಳಿ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಕಾಯಿಯನ್ನು ಅಲ್ಲಾಡಿಸಿದರೆ ಉಂಡೆ ಒಳಗೇ ಲೊಡಲೊಡ ಎನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಸೀಳದ ಹಾಗೆ ಇಡಿಯಾಗಿ ತೆಗೆಯುತ್ತಾರೆ. ತಿಪಟೂರಿನ ಎಪಿಎಂಸಿಯಲ್ಲಿ ಹರಾಜಾಗಿ ಉತ್ತರ ಭಾರತದ ಮದುವೆ ಮನೆ, ಪೂಜೆ ಮನೆಗಳಿಗೆ ಹೋಗುವುದು ಈ ಉಂಡೆ ಕೊಬ್ಬರಿ. ಮನುಷ್ಯರು ಮಲಗುವ, ಬಾಣಂತನ ಮಾಡುವ, ದೇವರಿಗೆ ದೀಪ ಹಚ್ಚುವ ಸೂರಿನಡಿಯೇ ವರ್ಷದ ಆದಾಯವೂ ಮಾಗುತ್ತಿತ್ತು. ಒಲೆ ಹೋಗಿ ಗ್ಯಾಸು ಬಂತು. ಹಂಚು ಹೋಗಿ ಆರ್‌ಸಿಸಿ ಬಂತು. ಕಾಯಿ ತೋಟದ ಶೆಡ್ಡಿಗೆ ಹೋಯಿತು. ಬದಲಾವಣೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ, ಸೋರುವ ಮಾಡಿನ ಕಷ್ಟ ಬಾಳಿದವರಿಗೇ ಗೊತ್ತು. ಆದರೆ ಅಂಥ ಒಂದಾದರೂ ಮನೆ ಅಟ್ಟ ಸಮೇತ ಉಳಿಯದಿದ್ದರೆ, ಇಂಥ ನೆಲದಿಂದ ಬಿ.ಎಂ.ಶ್ರೀ., ತೀನಂಶ್ರೀ ಎದ್ದುಬಂದರು ಎಂದು ಹೇಳಿದಾಗ ಮಕ್ಕಳ ಕಣ್ಣ ಮುಂದೆ ಏನು ಮೂಡಬೇಕು?

ಸಂಗ್ರಹಾಲಯ ಎಂದ ಕೂಡಲೇ ಕೋಟಿ ರೂಪಾಯಿ, ಅನುದಾನ, ಶಂಕುಸ್ಥಾಪನೆ ಎಂದು ಕಾಯುವುದು ನಮ್ಮ ರೂಢಿ. ನಡೆಯಬೇಕಾದ ಮೊದಲ ಕೆಲಸಕ್ಕೆ ಅಷ್ಟು ದುಡ್ಡು ಬೇಡ. ಹಳೆಯ ಮನೆಯನ್ನು ಕೆಡವುವ ಮುಂಚೆ ಅಳತೆ ಹಾಕಿ ನಕ್ಷೆ ಬರೆದುಕೊಳ್ಳಬಹುದು. ಕೋಣೆ ಕೋಣೆಯ ಫೋಟೊ ತೆಗೆಯಬಹುದು. ಅಟ್ಟ ಕಟ್ಟುತ್ತಿದ್ದ ಬಡಗಿಯನ್ನು, ಕೊಬ್ಬರಿ ಒಡೆಯುವ ಹೆಂಗಸರನ್ನು ಮಾತಾಡಿಸಿ ದನಿ ಹಿಡಿದಿಡಬಹುದು. ಮನೆಯವರು ಕೊಡುವ ಪ್ರತಿಯೊಂದು ವಸ್ತುವಿಗೂ ಸಂಖ್ಯೆ ಕೊಟ್ಟು, ಯಾರದು, ಯಾವಾಗಿನದು, ಯಾತಕ್ಕೆ ಬಳಸಿದ್ದು ಎಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಕುಪ್ಪಳಿಯ ಕಳವು ಕಲಿಸಿದ್ದು ಇದನ್ನೇ. ಕಾಗದಪತ್ರಗಳಿಗೆ ಗೆದ್ದಲು, ತೇವ, ನೇರ ಬಿಸಿಲು ಮೂರೂ ಶತ್ರು. ಗೋಡೆಗೆ ತಾಗಿಸದ ಬೀರುವಿನಲ್ಲಿ ನೆಲದಿಂದ ಎತ್ತರಿಸಿ ಇಟ್ಟರೆ ಅರ್ಧ ಗೆದ್ದಂತೆ. ಮೂಲ ಪತ್ರವನ್ನು ಒಳಗಿಟ್ಟು ಅದರ ನಕಲನ್ನು ನೋಡಲು ಇಟ್ಟರೆ ಇನ್ನೂ ಒಳ್ಳೆಯದು.

ಬಾಗಿಲ ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಉದ್ಘಾಟನೆಯ ದಿನ ತೆರೆದು ಆಮೇಲೆ ಬೀಗದ ಕೈ ತಾಲ್ಲೂಕು ಕಚೇರಿಗೆ ಸೇರಿದ ಸ್ಮಾರಕಗಳನ್ನು ನಾಡು ಸಾಕಷ್ಟು ಕಂಡಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಮೇಲ್ವಿಚಾರಕರಿಗೇ ಆ ಹೊಣೆ ಕೊಟ್ಟು, ಗ್ರಂಥಾಲಯದ ಒಂದು ಕೋಣೆಯಲ್ಲೇ ಆರಂಭಿಸುವುದು ತೆಂಗಿನ ಸೀಮೆಗೆ ಒಗ್ಗುವ ದಾರಿ. ಸಂಪಿಗೆಯಲ್ಲೊಂದು ಕೋಣೆ, ತೀರ್ಥಪುರದಲ್ಲೊಂದು ಕೋಣೆ. ಇಬ್ಬರ ಪುಸ್ತಕಗಳ ಹಳೆಯ ಮುದ್ರಣಗಳು, ಕುಟುಂಬದವರಲ್ಲಿ, ಶಿಷ್ಯರ ಮನೆಗಳಲ್ಲಿ ಉಳಿದ ಪತ್ರಗಳ ನಕಲು, ಊರಿನ ಹಿರಿಯರು ಗುರುತಿಸುವ ಮನೆ ನಿವೇಶನಗಳ ನಕ್ಷೆ ಇಷ್ಟರಿಂದ ಶುರು ಮಾಡಬಹುದು. ನವೆಂಬರ್ 26ರಂದು ಒಂದು ಊರಿನಲ್ಲಿ ಸಂವಿಧಾನ ದಿನ, ಜನವರಿ 3ರಂದು ಇನ್ನೊಂದು ಊರಿನಲ್ಲಿ ಕನ್ನಡದ ದಿನ. ಹಿರಿಯರ ನೆನಪು ಗಟ್ಟಿಯಿರುವಾಗಲೇ ಆ ನಕ್ಷೆಯನ್ನು ಬರೆಸಿಕೊಳ್ಳಬೇಕು. ಬಜೆಟ್ಟಿಗೆ, ಅನುದಾನಕ್ಕೆ ಕಾದು ಕೂರುವಷ್ಟು ಸಮಯ ಇದಕ್ಕಿಲ್ಲ.